ಯಜಮಾನರು ಆರಿಸಿದ ಫಿಲ್ಟರು

ಅವರು ಹೋದ ಸುದ್ದಿ ಬಂದಾಗ ನಾನು ಮೊದಲು ಕೇಳಿದ್ದು, "ನರಳಿದ್ರಾ?" ಅಂತ. ಫೋನಿನ ಆ ಕಡೆಯಿಂದ ಅವರ ಮಗ, "ಇಲ್ಲ ಸಾರ್. ಬೆಳಿಗ್ಗೆ ಅಂಗಡಿಗೆ ಹೋಗಿ ಬಂದ್ರು. ಮಧ್ಯಾಹ್ನ ಕುರ್ಚೀಲಿ ಒರಗಿಕೊಂಡಿದ್ರು, ಹಂಗೇ ಹೋದ್ರು" ಅಂದ. ನನಗೆ ಅಳು ಬರಬೇಕಿತ್ತು, ಬರಲಿಲ್ಲ. ಸದ್ಯ, ಅನ್ನಿಸಿತು. ಇನ್ನೊಬ್ಬರ ಕೈಯಲ್ಲಿ ಮೈ ತೊಳೆಸಿಕೊಂಡು ಮಲಗುವುದು ಆ ಮನುಷ್ಯನಿಗೆ ಆಗಿಬರುವ ಕೆಲಸವಾಗಿರಲಿಲ್ಲ. ಒಬ್ಬರ ಸಾವಿನ ಸುದ್ದಿ ಕೇಳಿ ಹಗುರವಾಗುವುದು ತಪ್ಪೋ ಏನೋ, ನನಗಂತೂ ಹಗುರವಾಯಿತು.

ಅವರ ಹೆಸರು ಬರೆಯುವುದಿಲ್ಲ. ಅಜ್ಜಂಪುರದಲ್ಲಿ ಆಗ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಅವರ ತಾಯಿ ಒಬ್ಬರೇ. ಉಳಿದವರಿಗೆಲ್ಲ ಅವರು ಯಜಮಾನರು. ನನಗೂ ಅಷ್ಟೇ.

ಎಂಬತ್ತರ ದಶಕದ ಶುರುವಿನಲ್ಲಿ ನಾನು ಕಡೂರಿನಿಂದ ಅಜ್ಜಂಪುರಕ್ಕೆ ವರ್ಗವಾಗಿ ಹೋದೆ. ವಿದ್ಯುತ್ ಇಲಾಖೆಯ ಸೆಕ್ಷನ್ ಆಫೀಸರ್ ಅಂದರೆ ಊರಿನವರ ಪಾಲಿಗೆ ಕರೆಂಟ್ ತೆಗೆಯುವವನು. ಕೊಡುವವನು ಅಂತ ಯಾವ ಊರಿನಲ್ಲೂ ಯಾರೂ ಅಂದದ್ದನ್ನು ನಾನು ಕೇಳಿಲ್ಲ. ಇಂಥವನಿಗೆ ಮನೆ ಕೊಡಲು ಜನ ಹಿಂದೆಮುಂದೆ ನೋಡುತ್ತಿದ್ದರು. ಯಜಮಾನರು ಮಾತ್ರ ತಮ್ಮ ಬಟ್ಟೆ ಅಂಗಡಿಯ ಮೇಲಿನ ಮನೆ ತೋರಿಸಿ, "ಇರ್ರಿ. ಕರೆಂಟ್ ಹೋದಾಗ ಬೈಯಾಕೆ ಆಫೀಸಿನವರೆಗೆ ನಡೆಯೋದು ತಪ್ಪುತ್ತೆ" ಅಂದರು. ತಮಾಷೆಗೆ ಹೇಳುತ್ತಿದ್ದಾರೆ ಅಂದುಕೊಂಡೆ. ತಮಾಷೆ ಆಗಿರಲಿಲ್ಲ. ಕರೆಂಟ್ ಹೋದ ಕೂಡಲೇ ಮೆಟ್ಟಿಲ ಬುಡದಲ್ಲಿ ನಿಂತು, "ಸಾಹೇಬ್ರೇ, ನಿಮ್ಮ ಕರೆಂಟು ಯಾವ ನೆಂಟರ ಮನೆಗೆ ಹೋಯ್ತು? ಉಂಡುಕೊಂಡು ಬತ್ತದೋ, ಹಂಗೇ ಬತ್ತದೋ?" ಅಂತ ಕೂಗುತ್ತಿದ್ದರು. ನಾನು ಮೇಲಿನಿಂದ, "ಲೋಡ್ ಶೆಡ್ಡಿಂಗು ಯಜಮಾನ್ರೇ, ನನ್ನ ಕೈಲಿಲ್ಲ" ಅನ್ನುತ್ತಿದ್ದೆ. "ನಿಮ್ಮ ಕೈಲಿ ಏನೈತೆ ಹಂಗಾರೆ?" ಅನ್ನುವುದು ಅವರ ಖಾಯಂ ಉತ್ತರ. ಇದಾದ ಮೇಲೆ ಕಾಫಿ ಕಳಿಸುತ್ತಿದ್ದರು.

ಬೈಯುವುದರಲ್ಲಿ ಅವರದ್ದು ಒಂದು ಕ್ರಮವಿತ್ತು. ಬೈದ ಮೇಲೆ ಮನಸ್ಸಿನಲ್ಲಿ ಉಳಿಸಿಕೊಳ್ಳುತ್ತಿರಲಿಲ್ಲ, ಬೈಯುವ ಮೊದಲು ಕೂಡಿಡುತ್ತಲೂ ಇರಲಿಲ್ಲ. ಇನ್ನೊಂದು ಅಭ್ಯಾಸ, ಮಾತಾಡುತ್ತ ಆಡುತ್ತ ಎದುರಿಗಿದ್ದವನ ಅಂಗಿಯ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹೊಸೆಯುವುದು. ಅಮಲ್ದಾರರು ಬಂದರೂ ಬಿಡುತ್ತಿರಲಿಲ್ಲ. ನಾನು ಮೊದಲ ಸಂಬಳಕ್ಕೆ ಕಡೂರಿನಲ್ಲಿ ತೆಗೆದುಕೊಂಡಿದ್ದ, ನನ್ನ ಪ್ರಕಾರ ಬಹಳ ಚಂದದ ಅಂಗಿಯನ್ನು ಹೀಗೆ ಹೊಸೆದು ನೋಡಿ, "ಮೂರನೇ ಒಗೆತಕ್ಕೆ ಹೋಗುತ್ತೆ" ಅಂದರು. ನನಗೆ ಸಿಟ್ಟು ಬಂತು. ಅಂಗಿ ಮೂರನೇ ಒಗೆತಕ್ಕೆ ಬಣ್ಣ ಬಿಟ್ಟಾಗ ಇನ್ನೂ ಸಿಟ್ಟು ಬಂತು. "ಮುಂಭಾಗ ಎಲ್ಲಾ ಬಟ್ಟೇದೂ ಚಂದಾನೇ ಕಣ್ರೀ. ಹಿಂದುಮುಂದು ಮಾಡಿ ನೋಡ್ಬೇಕು" ಅನ್ನುವುದು ಅವರ ಮಾತು. ಹೆಣ್ಣು ಗಂಡು ಕೂಡಿಸುವಾಗಲೂ ಇದನ್ನೇ ಹೇಳಿ ಒಂದೆರಡು ಸಂಬಂಧ ಕೆಡಿಸಿದ್ದರು ಅಂತ ಊರಲ್ಲಿ ಹೇಳುತ್ತಿದ್ದರು.

ಇಂಥವರ ಮನೆಗೆ ಮೀನು ಬಂದದ್ದು ಒಂದು ಗಾಜಿನ ದೆಸೆಯಿಂದ. ಅಂಗಡಿಯ ಮುಂಭಾಗಕ್ಕೆ ಶೋಕೇಸು ಮಾಡಿಸಲು ದಪ್ಪ ಗಾಜು ತರಿಸಿದ್ದರು. ಅಳತೆ ಕೊಟ್ಟ ಆಚಾರಿ ಬಾಗಿಲ ಕಡೆಯದನ್ನೂ ಕಿಟಕಿ ಕಡೆಯದನ್ನೂ ಅದಲುಬದಲು ಮಾಡಿದ್ದ. ಗಾಜು ವಾಪಸ್ಸು ಹೋಗುವ ಹಾಗಿರಲಿಲ್ಲ, ಬಿಸಾಡುವುದು ಯಜಮಾನರ ಜಾಯಮಾನದಲ್ಲಿರಲಿಲ್ಲ. ತರೀಕೆರೆಯ ಲೇತ್ ಅಂಗಡಿಯಲ್ಲಿ ಕಬ್ಬಿಣದ ಚೌಕಟ್ಟು ಕಟ್ಟಿಸಿ, ಆ ಗಾಜು ಕೂರಿಸಿ, ಒಬ್ಬ ಮನುಷ್ಯ ಕಾಲು ಚಾಚಿ ಮಲಗಬಹುದಾದಷ್ಟು ಉದ್ದದ ತೊಟ್ಟಿ ಮಾಡಿಸಿ ಅಂಗಡಿಯ ಹಿಂದಿನ ತಮ್ಮ ಮನೆಯ ನಡುಮನೆಯಲ್ಲಿ ಇಟ್ಟರು. ಎರಡು ಡ್ರಮ್ಮು ನೀರು ಹಿಡಿಯುತ್ತಿತ್ತು. ಬೆಂಗಳೂರಿಗೆ ಬಟ್ಟೆ ಖರೀದಿಗೆ ಹೋದಾಗ ಪ್ಲಾಸ್ಟಿಕ್ ಚೀಲದಲ್ಲಿ ಚಿನ್ನದ ಬಣ್ಣದ ಮೀನು, ಜೊತೆಗೊಂದು ಕರಿಯದು, ನಾಲ್ಕು ನೀರಿನ ಗಿಡ ತಂದು ಬಿಟ್ಟರು.

ಪೇಟೆಬೀದಿಯಲ್ಲಿ ಗುಲ್ಲೋ ಗುಲ್ಲು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಮನೆಯಲ್ಲಿ ಮೀನು. "ಯಜಮಾನ್ರ ಮನೇಲಿ ಮೀನಂತೆ" ಅಂತ ಸಂತೆಯಲ್ಲಿ ಯಾರೋ ನಕ್ಕರೆ ಇವರು ನಿಂತು, "ಹೂಂ, ಸಾಕಿದ್ದೀನಿ. ನಿಮ್ಮನೇಲಿ ಎಮ್ಮೆ ಸಾಕಿಲ್ವಾ? ಅದನ್ನೇನು ಕಡಿದು ತಿಂತೀರಾ?" ಅಂದರು. ಅಲ್ಲಿಗೆ ಸಂತೆಯ ಬಾಯಿ ಮುಚ್ಚಿತು. ಮನೆಯ ಬಾಯಿ ಮುಚ್ಚಲಿಲ್ಲ. ಅವರ ತಾಯಿ, ನಾವೆಲ್ಲ ಅವ್ವ ಅನ್ನುತ್ತಿದ್ದವರು, ತೊಟ್ಟಿಯ ಕಡೆ ಬೆನ್ನು ಹಾಕಿ ಕೂರುತ್ತಿದ್ದರು. "ನೀರಲ್ಲಿರೋ ಜೀವಾನ ನಡುಮನೇಲಿ ತಂದು ಕೂಡಿಹಾಕೋದು ಯಾವ ದೊಡ್ಡಸ್ತಿಕೆನೋ? ಅವುಕ್ಕೆ ತಾಯಿ ಇಲ್ವಾ?" ಅನ್ನುತ್ತಿದ್ದರು. ಯಜಮಾನರು ಊರಿಗೆಲ್ಲ ಉತ್ತರ ಕೊಡುವವರು ಅವ್ವನ ಮುಂದೆ ಬಾಯಿ ಬಿಡುತ್ತಿರಲಿಲ್ಲ.

ಅವ್ವನಿಗೆ ಒಂದು ನೇಮವಿತ್ತು. ಮನೆಯಲ್ಲಿ ಬೇರೆ ಜೀವ ಹಸಿದಿರುವಾಗ ತಾನು ಉಣ್ಣಬಾರದು. ಬೆಳಿಗ್ಗೆ ಹಸುವಿಗೆ ಹುಲ್ಲು, ಕಾಗೆಗೆ ಹಿಡಿ ಅನ್ನ, ಬಾಗಿಲಿಗೆ ಬಂದ ಅಯ್ಯನವರಿಗೆ ಊಟ, ಆಳುಕಾಳುಗಳಿಗೆ ಮುದ್ದೆ, ಇದೆಲ್ಲ ಮುಗಿದ ಮೇಲೆ ತಮ್ಮ ತಟ್ಟೆ. ಹೀಗಿದ್ದವರು ಒಂದು ದಿನ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆ ವಯಸ್ಸಿಗೆ ಕೂಡುವ ಮೂಳೆಯಲ್ಲ. ತರೀಕೆರೆಯ ಡಾಕ್ಟರು ಬಂದು ನೋಡಿ, "ಔಷಧಿ ಏನಿಲ್ಲ. ಹೊಟ್ಟೆಗೆ ಚೆನ್ನಾಗಿ ತಗೊಂಡ್ರೆ ಇರ್ತಾರೆ, ಊಟ ಬಿಟ್ರೆ ನಾನೇನೂ ಮಾಡಕ್ಕಾಗಲ್ಲ" ಅಂದು ಹೋದರು. ಗಾಳಿಬೆಳಕು ಇರುವುದು ನಡುಮನೆಯಲ್ಲೇ ಆದ್ದರಿಂದ ಅಲ್ಲೇ ಮಂಚ ಹಾಕಿದರು. ಎದುರಿಗೆ ತೊಟ್ಟಿ. ಬೆನ್ನು ಹಾಕೋಣ ಅಂದರೆ ಮಗ್ಗುಲಾಗುವ ಹಾಗಿರಲಿಲ್ಲ.

ಹಸು ಕಾಣುವುದಿಲ್ಲ, ಕಾಗೆ ಕಾಣುವುದಿಲ್ಲ, ಬಾಗಿಲಿಗೆ ಯಾರು ಬಂದರೋ ಗೊತ್ತಾಗುವುದಿಲ್ಲ. ಅವ್ವ ಊಟ ಬಿಡುತ್ತ ಬಂದರು. ತಟ್ಟೆ ತಂದರೆ, "ಯಾರಿಗೆ ಹಾಕಿದ್ರಿ, ಯಾರಿಗೆ ಬಿಟ್ರಿ, ನಾನೇನು ನೋಡ್ದೆನಾ?" ಅನ್ನುವರು. ಹೀಗೇ ಒಂದು ವಾರವೋ ಏನೋ ಕಳೆದ ಮೇಲೆ, ಯಜಮಾನರು ತೊಟ್ಟಿಗೆ ಮೀನಿನ ಕಾಳು ಉದುರಿಸುವುದನ್ನು ಮಲಗಿದಲ್ಲಿಂದಲೇ ನೋಡಿ, "ಉಂಡ್ವೇನೋ ಅವು?" ಅಂತ ಕೇಳಿದರು. "ಉಂಡ್ವು ಕಣವ್ವ." "ಆ ಕರೀದು?" "ಅದೂ ಉಂಡ್ತು." "ಹಂಗಾರೆ ನಂಗೂ ತಾ." ಅವತ್ತಿನಿಂದ ಅದೇ ಪದ್ಧತಿಯಾಯಿತು. ಮೊದಲು ತೊಟ್ಟಿಗೆ, ಆಮೇಲೆ ಅವ್ವನಿಗೆ. ಹಸುಗಳಿಗೆ ಇಡುವ ಹೆಸರನ್ನೇ ಮೀನುಗಳಿಗೂ ಇಟ್ಟರು, ಕೆಂಪಿ, ಗೌರಿ, ಕರಿಯ ಅಂತ. ನನಗೆ ಈಗಲೂ ಇದು ವಿಚಿತ್ರ ಅನ್ನಿಸುವುದಿಲ್ಲ. ಆ ಮನೆಯಲ್ಲಿ ಅದು ನ್ಯಾಯವಾಗಿಯೇ ಕಾಣುತ್ತಿತ್ತು.

ಆದರೆ ಮೀನುಗಳು ಸಾಯತೊಡಗಿದವು. ತೊಟ್ಟಿಯ ನೀರು ತಿಳಿಮಾಡಲು ಗುಳುಗುಳು ಗುಳ್ಳೆ ಬಿಡುವ ಒಂದು ಪುಟ್ಟ ಯಂತ್ರ ಬಿಟ್ಟರೆ ಬೇರೇನೂ ಇರಲಿಲ್ಲ. ಅಷ್ಟು ನೀರಿಗೆ, ಅಷ್ಟು ತಿನ್ನುವ ಮೀನಿಗೆ ಅದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ನೀರು ಕದಡಿ ಹಸಿರಾಗುತ್ತಿತ್ತು. ಸತ್ತದ್ದನ್ನು ಅವ್ವ ಏಳುವ ಮೊದಲೇ ಎತ್ತಿ ಹಾಕಿ, ಬೆಂಗಳೂರಿನಿಂದ ಬರುವವರ ಕೈಲಿ ಅದೇ ಬಣ್ಣದ್ದು ತರಿಸುತ್ತಿದ್ದರು. ಎಷ್ಟು ದಿನ ಈ ಕಣ್ಕಟ್ಟು ನಡೆದೀತು? ಅವ್ವನ ಸೊಂಟ ಮುರಿದಿತ್ತೇ ಹೊರತು ಕಣ್ಣು ಚೆನ್ನಾಗಿತ್ತು.

ಬೆಂಗಳೂರಿನ ಅಂಗಡಿಯವನು, ತೊಟ್ಟಿ ಇಷ್ಟು ದೊಡ್ಡದಾದರೆ ಹೊರಗೆ ಕೂರಿಸುವ ಡಬ್ಬಿ ಫಿಲ್ಟರೇ ಬೇಕು ಅಂದನಂತೆ. ಮುಚ್ಚಳ ಬಿಗಿದ ಒಂದು ಡಬ್ಬಿ. ಒಂದು ಪೈಪಿನಲ್ಲಿ ತೊಟ್ಟಿಯ ನೀರು ಇಳಿದು ಬರುತ್ತದೆ, ಒಳಗಿರುವ ಸ್ಪಂಜು, ಹರಳುಕಲ್ಲುಗಳ ನಡುವೆ ಸೋಸಿಕೊಂಡು, ಮೋಟಾರು ನೂಕಿದಾಗ ಇನ್ನೊಂದು ಪೈಪಿನಲ್ಲಿ ಮೇಲೆ ಹೋಗುತ್ತದೆ. ಅವನ ಹತ್ತಿರ ಮೂರು ಬಗೆ ಇದ್ದವು. ಯಾವುದು ತಗೊಳ್ಳೋದು? ಇವರು ನನ್ನನ್ನು ಕರೆದುಕೊಂಡು ಹೋದರು, ಕರೆಂಟಿನವನು ಜೊತೆಗಿರಲಿ ಅಂತ.

ಅಂಗಡಿಯವನು ಮೂರನ್ನೂ ಓಡಿಸಿ ತೋರಿಸಿದ. ಮೂರೂ ಚೆನ್ನಾಗಿಯೇ ಓಡಿದವು. ಯಜಮಾನರು ಒಂದೊಂದನ್ನೂ ಎತ್ತಿ, ಬುಡ ಮೇಲು ಮಾಡಿ, ಮುಚ್ಚಳದ ರಬ್ಬರನ್ನು ಎರಡು ಬೆರಳಲ್ಲಿ ಹೊಸೆದು ನೋಡಿದರು. ಆಮೇಲೆ, "ಇಲ್ಲಿ ಓಡೋದಲ್ಲ ಕಣಪ್ಪ. ಬೆಂಗಳೂರು ಕರೆಂಟಲ್ಲಿ ಬೀಸೋ ಕಲ್ಲೂ ಓಡುತ್ತೆ. ಈ ಸಾಹೇಬ್ರ ಕರೆಂಟಲ್ಲಿ ಓಡಬೇಕು" ಅಂದರು. ನಾನು ಬೇರೆ ಕಡೆ ನೋಡಿದೆ.

"ಅದಕ್ಕೇನ್ ಮಾಡ್ಲಿ ಸಾರ್?" ಅಂದ ಅವನು.

"ಮೂರೂ ಕೊಡು. ಮನೇಲಿ ತೋರಿಸ್ಕೊಂಡು, ಬೇಕಾದ್ದು ಇಟ್ಕೊಂಡು, ಉಳಿದಿದ್ದು ವಾಪಸ್ ಕಳಿಸ್ತೀನಿ."

ಅವನು ನಕ್ಕುಬಿಟ್ಟ. ಇವರು ನಗಲಿಲ್ಲ. ಬಟ್ಟೆ ವ್ಯಾಪಾರದಲ್ಲಿ ಅದು ದಿನನಿತ್ಯದ ಮಾತು. ಮದುವೆ ಮನೆಯಿಂದ ಹೇಳಿ ಕಳಿಸಿದರೆ ಸೀರೆಯ ಗಂಟನ್ನೇ ಕಳಿಸುತ್ತಾರೆ. ಹೆಂಗಸರು ಉಟ್ಟು ಬಿಚ್ಚಿ, ನೆರಿಗೆ ಹಿಡಿದು, ಬಿಸಿಲಿಗೆ ಒಯ್ದು ನೋಡಿ, ಒಂದನ್ನು ಇಟ್ಟುಕೊಂಡು ಮಿಕ್ಕದ್ದನ್ನು ಮಡಿಸಿ ಕಳಿಸುತ್ತಾರೆ. ಯಾರೂ ಮೋಸ ಮಾಡುವುದಿಲ್ಲ. "ನಾನು ಸೀರೆ ಕೊಟ್ಟು ಕಳಿಸ್ತೀನಿ, ನೀನು ಡಬ್ಬಿ ಕೊಟ್ಟು ಕಳಿಸಕ್ಕೆ ಏನು ಕಷ್ಟ? ಸೀರೇನಾದ್ರೆ ಉಟ್ಕೊಂಡು ಓಡಿ ಹೋಗಬೌದು. ಇದನ್ನ ಕಟ್ಕೊಂಡು ಯಾರು ಎಲ್ಲಿಗೆ ಓಡ್ತಾರೆ?" ಅಂತ ಅವನ ಅಂಗಿಯ ಅಂಚನ್ನು ಹಿಡಿದುಕೊಂಡರು. ಬಹಳ ಹೊತ್ತು ಬಿಡಲಿಲ್ಲ. ಕೊನೆಗೆ ಮೂರೂ ಡಬ್ಬಿ ನಮ್ಮ ಜೊತೆ ರೈಲು ಹತ್ತಿದವು.

ಪರೀಕ್ಷೆ ನಡುಮನೆಯಲ್ಲಿ ನಡೆಯಿತು. ಅವ್ವನೇ ಜಡ್ಜು. ಮೊದಲನೆಯದು ಫಾರಿನ್ನಿನದು, ಜರ್ಮನಿಯದು, ನೋಡಲು ಲಕ್ಷಣವಾಗಿತ್ತು, ಓಡುತ್ತಿದೆಯೋ ಇಲ್ಲವೋ ಗೊತ್ತಾಗದಷ್ಟು ಮೆತ್ತಗೆ ಓಡುತ್ತಿತ್ತು. ಸಂಜೆ ಆಯಿತು, ಸುತ್ತಲ ತೋಟಗಳಲ್ಲಿ ಪಂಪ್‌ಸೆಟ್ಟು ಹಾಕಿದರು, ವೋಲ್ಟೇಜು ಬಿತ್ತು. ಬಲ್ಬು ಕೆಂಪಗಾಯಿತು. ಫಾರಿನ್ ಡಬ್ಬಿ ಊಂ ಅಂತ ಮುಲುಕಿ ನಿಂತುಬಿಟ್ಟಿತು. ಯಜಮಾನರು ನನ್ನ ಮುಖ ನೋಡಿದರು. "ಅದರದ್ದೇನು ತಪ್ಪಿಲ್ಲ ಬಿಡ್ರಿ. ಪಾಪ, ಅದುಕ್ಕೆ ಇಂಥ ಊರು ಗೊತ್ತಿಲ್ಲ" ಅಂದರು.

ಎರಡನೆಯದು ಕಡಿಮೆ ವೋಲ್ಟೇಜಿನಲ್ಲೂ ಓಡಿತು. ಆದರೆ ಮುಚ್ಚಳದಿಂದ ತೊಟ್ಟು ತೊಟ್ಟಾಗಿ ಸೋರುತ್ತಿತ್ತು, ಕರೆಂಟು ಹೋಗಿ ಬಂದರೆ ಪೈಪನ್ನು ಬಾಯಲ್ಲಿ ಹೀರಿ ನೀರು ಎಳೆಯದೆ ಶುರುವಾಗುತ್ತಿರಲಿಲ್ಲ. ಯಜಮಾನರು ಒಂದು ಸಲ ಹೀರಿದರು, ಬಾಯಿಗೆ ಬಂದದ್ದನ್ನು ಹಿತ್ತಲಲ್ಲಿ ಉಗಿದು, ಲಿಂಗಪೂಜೆಗೆ ಮತ್ತೆ ಸ್ನಾನ ಮಾಡಿದರು. ಅದೂ ಬೇಡ ಅಂತಾಯಿತು.

ಮೂರನೆಯದು ಬೂದು ಬಣ್ಣದ ಒರಟು ಡಬ್ಬಿ, ಈ ದೇಶದ್ದೇ. ನೋಡಿದವರು ಸುಣ್ಣದ ಡಬ್ಬಿ ಅನ್ನಬೇಕು. ತೊಟ್ಟಿಗಿಂತ ತಗ್ಗಿನಲ್ಲಿ ಇಟ್ಟರೆ ಸಾಕು, ನೀರು ಒಳಗೆ ತುಂಬಿಕೊಂಡೇ ಇರುತ್ತಿತ್ತು, ಕರೆಂಟು ಬಂದ ಕೂಡಲೇ ತಾನೇ ಶುರುವಾಗುತ್ತಿತ್ತು. ನಾನು ಮೇನ್ ಸ್ವಿಚ್ಚನ್ನು ತೆಗೆದು ಹಾಕಿ, ತೆಗೆದು ಹಾಕಿ ನೋಡಿದೆ. ಒಂದು ಸಲವೂ ಕೈ ಕೊಡಲಿಲ್ಲ. ಸ್ವಲ್ಪ ಸದ್ದು ಮಾಡುತ್ತಿತ್ತು, ಅಷ್ಟೇ. ಸದ್ದು ನಿದ್ದೆಗೆಡಿಸುತ್ತದೇನೋ ಅಂತ ಯಜಮಾನರು ಅವ್ವನನ್ನು ಕೇಳಿದರು.

"ಇರ್ಲಿ ಬಿಡೋ. ಸದ್ದು ಕೇಳ್ತಿದ್ರೆ ಓಡ್ತಾ ಐತೆ ಅಂತ ಧೈರ್ಯ. ಆ ಮೊದಲನೇದು ಬದುಕೈತೋ ಸತ್ತೈತೋ ಅಂತ ಎದ್ದು ನೋಡಾಕೆ ನಾನೇನು ಏಳ್ತೀನಾ?"

ಯಜಮಾನರದ್ದು ಇನ್ನೂ ಒಂದು ಪರೀಕ್ಷೆ ಬಾಕಿ ಇತ್ತು. ಮುಚ್ಚಳದ ರಬ್ಬರ್ ರಿಂಗನ್ನು ಬಿಚ್ಚಿಕೊಂಡು ಕಡೂರಿಗೆ ಬಸ್ಸು ಹತ್ತಿದರು. ಅಲ್ಲಿ ಪಾತ್ರೆ ಅಂಗಡಿಯಲ್ಲಿ ಪ್ರೆಶರ್ ಕುಕ್ಕರಿನ ರಬ್ಬರುಗಳನ್ನು ಒಂದೊಂದಾಗಿ ಇಟ್ಟು ಅಳೆದು, ಒಂದು ಅಳತೆಯದು ಸರಿಯಾಗಿ ಕೂರುವುದನ್ನು ಕಂಡುಕೊಂಡು ಬಂದರು. ಮೆಟ್ಟಿಲ ಬುಡದಿಂದಲೇ, "ಸಾಹೇಬ್ರೇ, ಇದೇ ಗಟ್ಟಿ" ಅಂತ ಕೂಗಿದರು. "ಯಂತ್ರ ಕೆಡದೇ ಇರುತ್ತೇನ್ರೀ? ಕೆಡುತ್ತೆ. ಕೆಟ್ಟಾಗ ಕಡೂರಲ್ಲಿ ರಿಪೇರಿ ಆಗ್ಬೇಕು. ಜರ್ಮನಿಗೆ ಕಾಗದ ಬರ್ಕೊಂಡು ಕೂತ್ರೆ ಅಷ್ಟರಲ್ಲಿ ಮೀನೂ ಇರಲ್ಲ, ನಾವೂ ಇರಲ್ಲ." ಉಳಿದ ಎರಡನ್ನು ಒರೆಸಿ, ಒಣಗಿಸಿ, ಬಟ್ಟೆ ಅಂಗಡಿಯ ಕಾಗದದಲ್ಲಿ ಸೀರೆಯ ಹಾಗೆ ಕಟ್ಟಿ ವಾಪಸ್ಸು ಕಳಿಸಿದರು.

ಆ ಡಬ್ಬಿ ಬಂದ ಮೇಲೆ ತೊಟ್ಟಿಯ ನೀರು ತಿಳಿಯಾಯಿತು. ಆಚೆ ಗೋಡೆಯ ಕ್ಯಾಲೆಂಡರಿನ ತಾರೀಕು ತೊಟ್ಟಿಯೊಳಗಿಂದ ಓದಬಹುದಾಗಿತ್ತು. ಮೀನು ಸಾಯುವುದು ನಿಂತಿತು. ಅವ್ವ ಎರಡು ಹೊತ್ತೂ ಉಣ್ಣುತ್ತಿದ್ದರು, ಮೈ ಕೈ ತುಂಬಿಕೊಂಡು ಸೊಸೆಯನ್ನು ಬೈಯುವಷ್ಟು ಆಗಿದ್ದರು. ಮನೆಗೆ ಮನೆಯೇ ಉಸಿರು ಬಿಟ್ಟ ಹಾಗಿತ್ತು. ನನ್ನ ಮೇಲಿನ ಬೈಗುಳವೂ ಕಡಿಮೆಯಾಗಿ, ನನಗೇ ಏನೋ ಕಳೆದುಕೊಂಡಂತೆ ಆಗುತ್ತಿತ್ತು.

ಅಷ್ಟರಲ್ಲಿ ಆಯುಧಪೂಜೆ ಬಂತು.

ಆ ಮನೆಯ ಆಯುಧಪೂಜೆ ಅಂದರೆ ಕತ್ತರಿ, ಮೀಟರ್ ಕೋಲು, ಹೊಲಿಗೆ ಯಂತ್ರ, ಸೈಕಲ್ಲು, ಎಲ್ಲವೂ ಅಂಗಳಕ್ಕೆ ಬರಬೇಕು. ತಿಕ್ಕಿ, ತೊಳೆದು, ವಿಭೂತಿ ಬಳಿದು, ಹೂ ಮುಡಿಸಿ ಕೂರಿಸಬೇಕು. ಅಂಥದ್ದರಲ್ಲಿ ಮನೆಯ ಜೀವ ಉಳಿಸಿದ ಯಂತ್ರವನ್ನು ಬಿಡುತ್ತಾರೆಯೇ? ಯಜಮಾನರೇ ಪಂಚೆ ಎತ್ತಿ ಕಟ್ಟಿ ಡಬ್ಬಿ ಬಿಚ್ಚಿದರು. ಒಳಗೆ ಸ್ಪಂಜಿಗೂ ಕಲ್ಲಿಗೂ ಕಂದುಬಣ್ಣದ ಲೋಳೆ ಕಟ್ಟಿತ್ತು. "ಅಯ್ಯೋ ಶಿವನೇ, ಇಷ್ಟು ಕೊಳೆ ಇಟ್ಕೊಂಡು ಓಡ್ತಿತ್ತಾ?" ಅಂತ ಮರುಗಿದರು. ಸ್ಪಂಜನ್ನು ಸೋಪು ಹಾಕಿ ಒಗೆದರು. ಕಲ್ಲುಗಳನ್ನು ಬಚ್ಚಲ ಹಂಡೆಯಲ್ಲಿ ಕುದಿಸಿ, ಬಿಸಿಲಲ್ಲಿ ಸಂಡಿಗೆಯ ಹಾಗೆ ಒಣಹಾಕಿದರು. ಪೂಜೆಯ ದಿನ ಡಬ್ಬಿಗೆ ಮೂರು ಪಟ್ಟೆ ವಿಭೂತಿ, ಮೇಲೊಂದು ಸೇವಂತಿಗೆ. ಆ ದಿನ ಯಂತ್ರಕ್ಕೆ ವಿಶ್ರಾಂತಿ. ವಿಜಯದಶಮಿಯ ಬೆಳಿಗ್ಗೆ ಸ್ವಿಚ್ಚು ಹಾಕಿದರು, ಹೊಸದರ ಹಾಗೆ ಓಡಿತು. ಎಲ್ಲರಿಗೂ ಬಾಳೆಹಣ್ಣು, ಕಡಲೆಪುರಿ ಹಂಚಿದರು. ನಾನೂ ತಿಂದೆ.

ನಾಲ್ಕೈದು ದಿನದಲ್ಲಿ ನೀರು ಅಕ್ಕಿ ತೊಳೆದ ನೀರಿನ ಹಾಗಾಯಿತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಕಾಳು ಹಾಕಿದರೆ ಮುಟ್ಟಲಿಲ್ಲ. ಅವ್ವ ನೋಡುತ್ತಲೇ ಇದ್ದರು. ಸೊಸೆ ತಟ್ಟೆ ತಂದಾಗ, "ಅವು ಉಣ್ಲಿಲ್ಲ" ಅಂದು ಕೈಯಲ್ಲಿ ಪಕ್ಕಕ್ಕೆ ಸರಿಸಿದರು. ಹಾಲು ಕುಡಿಸಲು ಹೋದರೆ ಎರಡು ಗುಟುಕಿಗೆ ಬಾಯಿ ಮುಚ್ಚಿದರು. ಮಾರನೆಯ ದಿನ ಬಾವಿಯಿಂದ ನೀರು ಸೇದಿ ಅರ್ಧ ತೊಟ್ಟಿ ಬದಲಾಯಿಸಿದೆವು. ಮೀನು ಸ್ವಲ್ಪ ಸುಧಾರಿಸಿಕೊಂಡಂತೆ ಕಂಡವು, ಸಂಜೆಗೆ ಮತ್ತೆ ಅದೇ ಕತೆ. ಅದರ ಮಾರನೆಯ ಬೆಳಿಗ್ಗೆ ಗೌರಿ ತೇಲುತ್ತಿತ್ತು. ಯಜಮಾನರು ಅದನ್ನು ಟವೆಲ್ಲಿನಲ್ಲಿ ಸುತ್ತಿ ಹಿತ್ತಲಿನ ತೆಂಗಿನ ಸಸಿಯ ಬುಡದಲ್ಲಿ ಹೂತು ಬಂದರು. "ಗೌರಿ ಎಲ್ಲೋ?" ಅಂತ ಅವ್ವ ಕೇಳಿದರು. "ಆ ಗಿಡದ ಹಿಂದೆ ಐತೆ ಕಣವ್ವ" ಅಂದರು. ಅವ್ವನ ದನಿ ಆಗಲೇ ಇಳಿದಿತ್ತು. ನನಗೆ ಹೆದರಿಕೆಯಾಯಿತು. ಆ ವಯಸ್ಸಿನವರು ಊಟ ಬಿಟ್ಟರೆ ಎಷ್ಟು ದಿನ ಅಂತ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

"ಲಕ್ಕವಳ್ಳೀಲಿ ಮೀನಿನ ಆಫೀಸಿನೋರು ಇದ್ದಾರಂತೆ, ಬನ್ರಿ" ಅಂದರು ಯಜಮಾನರು. ನಾನು ಆಫೀಸಿಗೆ ರಜ ಹೇಳಿ ಹೊರಟೆ. ತರೀಕೆರೆಗೆ ಒಂದು ಬಸ್ಸು, ಅಲ್ಲಿಂದ ಡ್ಯಾಮಿನ ಕಡೆಗೆ ಇನ್ನೊಂದು. ಅಲ್ಲಿ ಮರಿ ಸಾಕುವ ತೊಟ್ಟಿಗಳ ನಡುವೆ ಒಬ್ಬ ಅಧಿಕಾರಿ ಸಿಕ್ಕರು, ಹೆಚ್ಚು ಮಾತಿಲ್ಲದವರು. ಎಲ್ಲ ಕೇಳಿ, "ಡಬ್ಬಿ ತೊಳೆದ್ರಾ?" ಅಂದರು.

"ತೊಳೆದೆ ಸಾರ್."

"ಹೆಂಗೆ ತೊಳೆದ್ರಿ?"

ಯಜಮಾನರಿಗೆ ಆ ಸ್ಥಿತಿಯಲ್ಲೂ ಸ್ವಲ್ಪ ಹೆಮ್ಮೆ ಬಂತು. "ಸೋಪು ಹಾಕಿ, ಬಿಸಿನೀರಲ್ಲಿ ಕುದಿಸಿ, ಎರಡು ದಿನ ಬಿಸಿಲಿಗೆ ಹಾಕಿದ್ದೆ. ಒಂದು ಚೂರು ಕೊಳೆ ಬಿಟ್ಟಿಲ್ಲ."

ಅಧಿಕಾರಿ ಹಣೆ ಒತ್ತಿಕೊಂಡರು. ಆ ಲೋಳೆಯಲ್ಲೇ ಕಣ್ಣಿಗೆ ಕಾಣದ ಜೀವಗಳಿರುತ್ತವೆ, ಮೀನಿನ ಹೊಲಸನ್ನು ತಿಂದು ನೀರಿನ ವಿಷ ತೆಗೆಯುವುದು ಅವೇ, ಸ್ಪಂಜು ಕಲ್ಲು ಬರೀ ಅವುಗಳ ಮನೆ, ನೀವು ಮನೆ ಉಳಿಸಿ ಒಕ್ಕಲನ್ನು ಕುದಿಸಿಬಿಟ್ಟಿರಿ ಅಂತ ತಿಳಿಸಿ ಹೇಳಿದರು. ತೊಳೆಯಲೇಬೇಕಾದರೆ ತೊಟ್ಟಿಯ ನೀರಲ್ಲೇ ಒಂದು ಸಲ ಅಲುಬಬೇಕಂತೆ, ಅಷ್ಟೇ. ಯಜಮಾನರ ಮುಖ ಇಳಿಯಿತು. ಅಧಿಕಾರಿ ತಮ್ಮ ತೊಟ್ಟಿಯಿಂದ ಲೋಳೆಗಟ್ಟಿದ ಸ್ಪಂಜಿನ ತುಂಡುಗಳನ್ನೂ ಒಂದಿಷ್ಟು ಕಲ್ಲನ್ನೂ ತೆಗೆದು, ನಾವು ಕೊಂಡು ತಂದ ಬಕೆಟ್ಟಿಗೆ ಹಾಕಿ, ಅದೇ ನೀರು ಚಿಮುಕಿಸಿ ಕೊಟ್ಟರು. "ಒಣಗಕ್ಕೆ ಬಿಡಬೇಡಿ. ಇವತ್ತೇ ಹಾಕಿ. ಆಮೇಲೆ, ಕರೆಂಟ್ ಹೋದ್ರೆ ಮುಚ್ಚಿದ ಡಬ್ಬೀಲಿ ಇವಕ್ಕೆ ಉಸಿರು ಕಟ್ಟುತ್ತೆ. ಜಾಸ್ತಿ ಹೊತ್ತು ನಿಲ್ಲಿಸಬೇಡಿ" ಅಂದರು. ಯಜಮಾನರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಬಸ್ಸಿನಲ್ಲಿ ಆ ಬಕೆಟ್ಟಿನ ವಾಸನೆ ಎದ್ದಿತು. ಕಂಡಕ್ಟರು ಮೂಗು ಮುಚ್ಚಿಕೊಂಡು ಬಂದು, ವಿಭೂತಿಯ ಹಣೆ ನೋಡಿ ತಬ್ಬಿಬ್ಬಾಗಿ, "ಏನ್ ಯಜಮಾನ್ರೇ, ಮೀನು ತಗಂಡ್ ಹೋಗ್ತಿದ್ದೀರಾ?" ಅಂದ. ಹಿಂದಿನ ಸೀಟುಗಳಲ್ಲಿ ಅವರ ಅಂಗಡಿಯ ಗಿರಾಕಿಗಳೇ ಕೂತಿದ್ದರು. ನಾನು ಕಿಟಕಿಯಾಚೆ ನೋಡುತ್ತ ಯಾರೋ ಬೇರೆಯವನ ಹಾಗೆ ಕೂತೆ. ಯಜಮಾನರು ಬಕೆಟ್ಟನ್ನು ತೊಡೆಯ ಮೇಲಿಂದ ಇಳಿಸದೆ, "ಮೀನಲ್ಲ ಕಣಪ್ಪ, ಮೀನಿನ ಕೊಳೆ. ನಮ್ಮವ್ವಂಗೆ ಬೇಕಾಗಿತ್ತು" ಅಂದರು.

ಮನೆಗೆ ಬಂದು ಡಬ್ಬಿ ಬಿಚ್ಚಿ ಎಲ್ಲ ಹಾಕಿ ಸ್ವಿಚ್ಚು ಒತ್ತಿದ್ದೇ ತಡ, ಸಂಜೆ ಐದಕ್ಕೆ ಕರೆಂಟು ಹೋಯಿತು. ಲೋಡ್ ಶೆಡ್ಡಿಂಗಿನ ಸರದಿ ನಮ್ಮ ಊರಿನದ್ದು. ನಾನು ಮೆಲ್ಲಗೆ, "ಸಬ್‌ಸ್ಟೇಷನ್ನಿಗೆ ಒಂದು ಫೋನ್ ಮಾಡ್ತೀನಿ ಯಜಮಾನ್ರೇ. ಈ ಒಂದು ದಿನ ನಮ್ಮ ಲೈನು ಬಿಡಿಸ್ತೀನಿ" ಅಂದೆ. ಎಷ್ಟು ವರ್ಷ ಬೈದಿದ್ದಾರೆ, ಒಂದು ಸಲ ನನ್ನಿಂದ ಉಪಕಾರ ಆಗಲಿ ಅಂತ ಆಸೆಯೂ ಇತ್ತು.

"ಬ್ಯಾಡ."

"ಅವ್ವನ ವಿಷಯ ಯಜಮಾನ್ರೇ."

"ಊರಲ್ಲಿ ಬೇರೆ ಯಾರ ಮನೇಲೂ ಅವ್ವ ಇಲ್ವೇನ್ರೀ? ನಮ್ಮ ಲೈನು ಬಿಟ್ರೆ ಪಕ್ಕದೂರು ಶಿವನಿ ಕಡೇದು ತೆಗೀತೀರಿ. ಬ್ಯಾಡ ಬಿಡ್ರಿ." ಇಷ್ಟು ಹೇಳಿ ಅಡುಗೆಮನೆಗೆ ಹೋಗಿ ಅನ್ನ ಬಸಿಯುವ ತೂತಿನ ಪಾತ್ರೆ ತಂದರು. ಡಬ್ಬಿಯಿಂದ ಸ್ಪಂಜು ಕಲ್ಲು ತೆಗೆದು ಅದಕ್ಕೆ ಹಾಕಿ, ತೊಟ್ಟಿಯ ಬಾಯ ಮೇಲೆ ಎರಡು ಹಲಗೆ ಇಟ್ಟು ಕೂರಿಸಿದರು. ಚೆಂಬಿನಲ್ಲಿ ತೊಟ್ಟಿಯ ನೀರು ಮೊಗೆದು ಅದರ ಮೇಲೆ ಹುಯ್ದರು. ನೀರು ಸೋಸಿಕೊಂಡು ತೊಟ್ಟಿಗೇ ಬಿತ್ತು. ಮತ್ತೆ ಮೊಗೆದರು. ಅವರ ಕೈ ಸೋತಾಗ ನಾನು ಚೆಂಬು ತೆಗೆದುಕೊಂಡೆ, ನಾನು ಸೋತಾಗ ಅವರ ಮನೆಯವರು. ಲಾಟೀನು ಹಚ್ಚಿಟ್ಟಿದ್ದರು. ಅವ್ವ ಮಲಗಿದಲ್ಲಿಂದ, "ಏನ್ ಮಾಡ್ತಿದ್ದೀರೋ?" ಅಂತ ಕೇಳಿದರು. ಯಜಮಾನರು ಹುಯ್ಯುತ್ತಲೇ ಎಲ್ಲ ಹೇಳಿದರು, ತಾವು ಕುದಿಸಿದ್ದು, ಒಣಗಿಸಿದ್ದು, ಲಕ್ಕವಳ್ಳಿಯವರು ಹೇಳಿದ್ದು.

ಅವ್ವ, "ಹೆಪ್ಪಿನ ಬಟ್ಟಲು ತಿಕ್ಕಿ ಕವುಚಿ ಹಾಕ್ದೆ ಅನ್ನು" ಅಂದರು. "ಹೆಪ್ಪು ಹೋದ್ರೆ ಪಕ್ಕದ ಮನೇಲಿ ಇಸ್ಕೊಂಡು ಬರೋದಪ್ಪ. ಅದಕ್ಯಾಕೆ ಮುಖ ಇಷ್ಟು ಮಾಡ್ಕೊಂಡೀಯ? ಹುಯ್ಯಿ, ಹುಯ್ಯಿ."

ಎಂಟು ಗಂಟೆಗೆ ಕರೆಂಟು ಬಂತು. ಸ್ಪಂಜು ಕಲ್ಲು ಮತ್ತೆ ತುಂಬಿ ಮುಚ್ಚಳ ಬಿಗಿದ ಮೇಲೆ ಡಬ್ಬಿ ಸದ್ದು ಮಾಡತೊಡಗಿತು. ನನ್ನ ತೋಳು ಮೇಲೆ ಏಳುತ್ತಿರಲಿಲ್ಲ. ಹಾಗೇ ಹೋಗಿ ಬಿದ್ದುಕೊಂಡೆ.

ಬೆಳಿಗ್ಗೆ ಕೆಳಗೆ ಇಳಿದಾಗ ನಡುಮನೆಯಲ್ಲಿ ಎಲ್ಲರೂ ತೊಟ್ಟಿಯ ಮುಂದೆ ನಿಂತಿದ್ದರು. ನೀರು ಇನ್ನೂ ತಿಳಿಯಾಗಿರಲಿಲ್ಲ, ಆದರೆ ಮೀನುಗಳು ಮೇಲಿನಿಂದ ಕೆಳಗೆ ಇಳಿದಿದ್ದವು. ಯಜಮಾನರು ನಾಲ್ಕು ಕಾಳು ಉದುರಿಸಿದರು. ಕರಿಯ ಬಂತು, ಮೂತಿ ತಾಗಿಸಿತು, ಬಿಟ್ಟಿತು, ಮತ್ತೆ ಬಂದು ನುಂಗಿತು. ಅದರ ಹಿಂದೆ ಕೆಂಪಿ. ಆಮೇಲೆ ಉಳಿದವು.

"ಉಂಡ್ವು ಕಣವ್ವ" ಅಂದರು ಯಜಮಾನರು.

"ನೋಡ್ದೆ. ಗೌರಿ ಇಲ್ಲ ಅಂತಾನೂ ನಂಗೆ ಗೊತ್ತು ಕಣೋ. ಗಿಡದ ಹಿಂದೆ ಐತಂತೆ. ಇರಲಿ, ಇರೋವು ಉಂಡ್ವಲ್ಲ. ಸಾಕು." ಅವ್ವ ಸೊಸೆಯ ಕಡೆ ತಿರುಗಿ, "ಉಣ್ಣಾಕೆ ತಾರಮ್ಮ" ಅಂದರು.

ಮೆತ್ತಗೆ ಬೆಂದ ಅನ್ನ, ಹಾಲು ತಂದರು. ಸೊಸೆ ತುತ್ತು ಮಾಡಿ ಬಾಯ ಹತ್ತಿರ ಹಿಡಿದಾಗ ಆಕೆಗೇ ತಡೆಯಲಾಗಲಿಲ್ಲ. "ಅತ್ತೆ, ಇವರೂ ಉಂಡಿಲ್ಲ. ನೀವು ಬಿಟ್ಟ ದಿನದಿಂದ ಬರೀ ಕಾಫೀಲೇ ಅವರೆ" ಅಂದರು. ತರೀಕೆರೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನಾನು ಎರಡು ದೋಸೆ ತಿನ್ನುವಾಗ ಅವರು ಹೊಟ್ಟೆ ತುಂಬಿದೆ ಅಂದದ್ದು ನನಗೆ ಆಗ ಅರ್ಥವಾಯಿತು. ಆ ಹೊಟ್ಟೆಯಲ್ಲೇ ಅಷ್ಟು ನೀರು ಹುಯ್ದಿದ್ದರು.

ಅವ್ವ ಬಾಯಿ ಮುಚ್ಚಿಕೊಂಡು ಮಗನನ್ನು ನೋಡಿದರು. ಯಜಮಾನರು ಕಾಳಿನ ಡಬ್ಬಿಯ ಮುಚ್ಚಳ ತಿರುಗಿಸುತ್ತ ನಿಂತಿದ್ದರು.

"ಬಾ ಇಲ್ಲಿ."

ಬಂದರು.

"ಕೂತ್ಕೋ."

ಮಂಚದ ಪಕ್ಕ ನೆಲದ ಮೇಲೆ ಕೂತರು. ಅವ್ವ ಸೊಸೆಯ ಕೈಯಿಂದ ತಟ್ಟೆ ಇಸಿದುಕೊಂಡು, ತಾವೇ ಒಂದು ತುತ್ತು ಕಲಸಿದರು. ಊರನ್ನೆಲ್ಲ ಬೈದು ಆಳುತ್ತಿದ್ದ ಆ ಅರವತ್ತರ ಮನುಷ್ಯ ಬಾಯಿ ತೆರೆದರು. ತಾಯಿ ಮೊದಲ ತುತ್ತು ಅವರಿಗೆ ಇಟ್ಟು, ಅವರು ನುಂಗುವವರೆಗೆ ನೋಡಿ, ಆಮೇಲೆ ತಾವು ಉಂಡರು.